ಗೆರೆಯ ಮೇಲಿನ ಖರ್ಚು, ಗೆರೆಯ ಕೆಳಗಿನ ಪಾಲು

ಪಾಂಡವಪುರದಲ್ಲಿ ಕಬ್ಬಿನ ಗಾಣ, ಟ್ರಾಕ್ಟರ್ ಟ್ರೈಲರು ಮಾಡುವ ಒಂದು ಸಣ್ಣ ಪ್ರೈವೇಟ್ ಲಿಮಿಟೆಡ್ ಕಂಪನಿಯಲ್ಲಿ ನಾನು ಏಳು ವರ್ಷ ಲೆಕ್ಕ ಬರೆದೆ. ಬಿ.ಕಾಂ. ಮುಗಿಸಿದ ಮೇಲೆ ಸಿಕ್ಕ ಮೊದಲ ಕೆಲಸ ಅದು. ಕೆ.ಆರ್. ಪೇಟೆಯಿಂದ ಬೆಳಗ್ಗೆ ಬಸ್ಸು ಹತ್ತಿದರೆ, ಕಿಟಕಿ ಪಕ್ಕ ಸೀಟು ಸಿಕ್ಕ ದಿನ ನನಗೆ ಅರ್ಧ ಸಂಬಳ ಬಂದಷ್ಟು ಸಂತೋಷ.

ಕಂಪನಿಯ ಮ್ಯಾನೇಜಿಂಗ್ ಡೈರೆಕ್ಟರು ಕಮ್ಮಾರರ ಮನೆತನದವರು. ಅಪ್ಪನ ಕುಲುಮೆಯಲ್ಲಿ ಕುಡುಗೋಲು ತಟ್ಟುತ್ತಾ ಬೆಳೆದು, ಗಾಣ ಮಾಡುವುದನ್ನು ತಾವೇ ಕಲಿತಿದ್ದರು. ಶೆಡ್ಡು ಕಟ್ಟಲು ದುಡ್ಡು ಬೇಕಾದಾಗ ಅವರ ಗಾಣ ಕೊಂಡಿದ್ದ ರೈತರೇ ಷೇರು ಹಾಕಿದ್ದರು. ಹೀಗೆ ತೊಣ್ಣೂರು, ಬೂಕನಕೆರೆ, ನಾಗಮಂಗಲದ ಕಡೆಯ ಮೂವತ್ತು ಮನೆಗಳು ನಮ್ಮ ಕಂಪನಿಯ ಒಡೆಯರು. ಮ್ಯಾನೇಜಿಂಗ್ ಡೈರೆಕ್ಟರು ಎಂದು ಅವರನ್ನು ಯಾರೂ ಕರೆಯುತ್ತಿರಲಿಲ್ಲ. ಎಲ್ಲರಿಗೂ ಅವರು ಆಚಾರ್ರು.

೧೯೯೭ರ ಫೆಬ್ರವರಿಯ ಕೊನೆಯ ಸಂಜೆ ಆಫೀಸಿನ ರೇಡಿಯೋ ಮುಂದೆ ನಾವೆಲ್ಲ ಬಜೆಟ್ ಸುದ್ದಿಗೆ ಕಾದು ಕುಳಿತಿದ್ದೆವು. ಕಂಪನಿಗಳ ಆದಾಯ ತೆರಿಗೆ ನೂರಕ್ಕೆ ನಲವತ್ತರಿಂದ ಮೂವತ್ತೈದಕ್ಕೆ ಇಳಿದಿದೆ, ಅದರ ಮೇಲಿನ ಸರ್ಚಾರ್ಜೂ ರದ್ದಾಗಿದೆ ಎಂದು ವಾರ್ತೆ ಓದುವವರು ಹೇಳಿದ್ದೇ ತಡ, ಆಚಾರ್ರು ಕುರ್ಚಿಯಿಂದ ಎದ್ದೇಬಿಟ್ಟರು.

“ಕೇಳುದ್ಯೇನಮ್ಮಾ? ಮೂವತ್ತೈದಂತೆ! ಓಗಿ ಮೈಸೂರುಪಾಕು ತರ್ಸು, ವೆಲ್ಡಿಂಗ್ ಉಡುಗ್ರಿಗೂ ಕೊಡು!”

ಶೆಡ್ಡಿನಲ್ಲಿ ವೆಲ್ಡಿಂಗ್ ನಿಂತಿತು. ತೆರಿಗೆ ಎಂದರೇನೆಂದು ಗೊತ್ತಿಲ್ಲದವರೂ ಎರಡೆರಡು ತುಂಡು ತಿಂದರು.

ಮಾರ್ಚಿಗೆ ವರ್ಷ ಮುಗಿಯಿತು. ಮೇ ತಿಂಗಳಲ್ಲಿ ನಾನು ಲಾಭ–ನಷ್ಟದ ತಃಖ್ತೆಯ ಕರಡು ಸಿದ್ಧಮಾಡಿದೆ. ತೆರಿಗೆಗೆಂದು ಮೂವತ್ತೈದರ ಲೆಕ್ಕದಲ್ಲಿ ದುಡ್ಡು ತೆಗೆದಿರಿಸಿ, ಫೈಲನ್ನು ಕಂಕುಳಲ್ಲಿಟ್ಟುಕೊಂಡು ಶ್ರೀರಂಗಪಟ್ಟಣಕ್ಕೆ ಹೊರಟೆ. ನಮ್ಮ ಆಡಿಟರು ಅಲ್ಲಿದ್ದರು. ತೆಳ್ಳಗಿನ, ಮಿತಮಾತಿನ ಮನುಷ್ಯ. ಮನೆಯ ಜಗಲಿಗೆ ಜಾಲರಿ ಹಾಕಿಸಿ ಅದನ್ನೇ ಆಫೀಸು ಮಾಡಿಕೊಂಡಿದ್ದರು. ಕರಡಿನ ಮೇಲೆ ಕಣ್ಣಾಡಿಸಿ, ಕೆಂಪು ಪೆನ್ಸಿಲಿನಿಂದ ನನ್ನ ಮೂವತ್ತೈದರ ಸುತ್ತ ದುಂಡಗೆ ಒಂದು ಸುತ್ತು ಹಾಕಿದರು.

“ಬಜೆಟ್ ಈಚೆಗೆ ಬಂತು. ಆದರೆ ಈ ಲಾಭ ಯಾವ ವರ್ಷದ್ದಮ್ಮಾ?”

“ಮಾರ್ಚಿಗೆ ಮುಗಿದದ್ದು ಸಾರ್.”

“ಅದಕ್ಕೆ ಹಳೇ ದರವೇ. ನಲವತ್ತು, ಅದರ ಮೇಲೆ ಸರ್ಚಾರ್ಜು. ಹೊಸ ದರ ಏಪ್ರಿಲ್‌ನಿಂದ ಶುರುವಾದ ವರ್ಷದ ಲಾಭಕ್ಕೆ.”

ಇದು ನನಗೆ ಗೊತ್ತಿರಬೇಕಿತ್ತು. ಮೈಸೂರುಪಾಕಿನ ಸಂಭ್ರಮದಲ್ಲಿ ಯೋಚಿಸಿಯೇ ಇರಲಿಲ್ಲ. ಆಡಿಟರು ಅಷ್ಟಕ್ಕೇ ಬಿಡಲಿಲ್ಲ. ಪೆನ್ಸಿಲು ಕೆಳಗೆ ಸರಿಯಿತು.

ಆ ಬಜೆಟ್ಟಿನಲ್ಲಿ ಇನ್ನೊಂದು ಬದಲಾವಣೆ ಬಂದಿತ್ತು. ಅದುವರೆಗೆ ಕಂಪನಿ ತನ್ನ ಲಾಭದಲ್ಲಿ ಹಂಚುವ ಡಿವಿಡೆಂಡಿಗೆ, ಪಡೆದವರು ತೆರಿಗೆ ಕೊಡಬೇಕಿತ್ತು. ಜೂನ್‌ನಿಂದ ಪಡೆದವರಿಗೆ ತೆರಿಗೆ ಇಲ್ಲ. ಹಂಚುವ ಕಂಪನಿಯೇ ಹಂಚಿದ ಮೊತ್ತದ ಮೇಲೆ ನೂರಕ್ಕೆ ಹತ್ತು ಕಟ್ಟಬೇಕು. ನಾವು ಹಂಚುವುದು ಸೆಪ್ಟೆಂಬರಿನಲ್ಲಿ. ಹಾಗಾಗಿ ಇದು ನಮಗೆ ಈ ಸಲವೇ ಬೀಳುತ್ತಿತ್ತು. ಆ ಹತ್ತನ್ನು ನಾನು ಕರೆಂಟ್ ಬಿಲ್ಲು, ಡೀಸೆಲ್ಲುಗಳ ಜೊತೆ ಖರ್ಚಿನ ಸಾಲಿನಲ್ಲಿ ಬರೆದಿದ್ದೆ.

“ಇದು ಖರ್ಚಲ್ಲಮ್ಮಾ. ವರ್ಷದ ಲಾಭ ಇಷ್ಟು ಅಂತ ಒಂದು ಗೆರೆ ಎಳೀತೀವಲ್ಲ, ಅದರ ಕೆಳಗೆ, ಡಿವಿಡೆಂಡಿನ ಪಕ್ಕದಲ್ಲೇ ಬರಬೇಕು ಅನ್ನೋದು ನನ್ನ ಅಭಿಪ್ರಾಯ. ಕಾನೂನು ಹೊಸದು, ಪುಸ್ತಕದಲ್ಲಿ ಇನ್ನೂ ಉತ್ತರ ಬಂದಿಲ್ಲ. ಆಚಾರ್ರು ಏನಂತಾರೋ ಕೇಳು.”

ಆಚಾರ್ರು ಏನನ್ನುತ್ತಾರೆಂದು ನನಗೆ ಗೊತ್ತಿತ್ತು. ಪಾಂಡವಪುರಕ್ಕೆ ಮರಳಿ, ಮೊದಲು ಹಳೇ ದರದ ಸುದ್ದಿ ಹೇಳಿದೆ.

“ಅಂಗಾರೆ ಮೈಸೂರುಪಾಕು ಒಂದೊರ್ಸ ಮುಂಚೇನೇ ತಿಂದ್ಬುಟ್ವಾ?” ಎಂದು ನಕ್ಕರು. ಆದರೆ ಎರಡನೆಯ ವಿಷಯಕ್ಕೆ ನಗಲಿಲ್ಲ. “ಕಂಪ್ನಿ ಚೆಕ್ಕು ಬರ್ದು ಕಟ್ಟೋದು ತಾನೆ? ಅಂಗಿದ್ ಮೇಲೆ ಕಂಪ್ನಿ ಖರ್ಚೇಯ. ಡಿವಿಡೆಂಡ್ ಪಕ್ಕದಲ್ಲಿ ಬರುದ್ರೆ ಷೇರ್‌ದಾರ್ರು ‘ನಮ್ ದುಡ್ಡಲ್ಲಿ ಯಾಕ್ ಮುರುದ್ರಿ’ ಅಂತ ನನ್ ಮೇಲೇ ಬೀಳ್ತಾರೆ. ಖರ್ಚಲ್ಲೇ ಇರ್ಲಿ.”

ಇತ್ತ ಆಚಾರ್ರು, ಅತ್ತ ಆಡಿಟರು. ಮಳೆಗಾಲವೆಲ್ಲ ಕರಡು ಎರಡೂರುಗಳ ನಡುವೆ ನನ್ನ ಜೊತೆ ಬಸ್ಸಿನಲ್ಲಿ ಓಡಾಡಿತು.

ಆಗಸ್ಟಿನಲ್ಲಿ ಸಭೆಯ ನೋಟೀಸು ಕೊಡಲು ತೊಣ್ಣೂರಿಗೆ ಹೋದೆ. ಅಲ್ಲಿ ನಮ್ಮ ಒಬ್ಬ ದೊಡ್ಡ ಷೇರುದಾರರಿದ್ದರು. ಎಪ್ಪತ್ತರ ಆಸುಪಾಸಿನ ಅಜ್ಜಿ. ಗಂಡ ತೀರಿಕೊಂಡ ಮೇಲೆ ಷೇರುಗಳು ಅವರ ಹೆಸರಿಗೆ ಬಂದಿದ್ದವು. ‘ನನಗೆ ತೆರಿಗೆ ಬೀಳುವಷ್ಟು ಆದಾಯವಿಲ್ಲ, ಡಿವಿಡೆಂಡಿನಲ್ಲಿ ಮುರಿದುಕೊಳ್ಳಬೇಡಿ’ ಎಂದು ಒಂದು ನಮೂನೆಗೆ ಪ್ರತಿವರ್ಷ ಅವರು ರುಜು ಹಾಕಬೇಕಿತ್ತು. ಮೊದಲ ವರ್ಷ ಹೆಬ್ಬೆಟ್ಟು ಒತ್ತಿದ್ದರು. ಬೆರಳಿಗಂಟಿದ ಮಸಿ ಎರಡು ದಿನ ಹೋಗಲಿಲ್ಲವೆಂದು ರೇಗಿ, ಊರಿನ ಸಾಕ್ಷರತಾ ತರಗತಿಗೆ ಸೇರಿ ರುಜು ಕಲಿತಿದ್ದರು. ಆಮೇಲೆ ನಾನು ಹೋದಾಗಲೆಲ್ಲ ಕೈ ತೊಳೆದು, ಕನ್ನಡಕ ಹಾಕಿಕೊಂಡು, ಒಂದೊಂದೇ ಅಕ್ಷರವನ್ನು ಹೊಲಿಗೆ ಹಾಕಿದ ಹಾಗೆ ಬರೆಯುತ್ತಿದ್ದರು.

ಅಂದೂ ನನ್ನನ್ನು ನೋಡಿದ ಕೂಡಲೇ ಕೈ ತೊಳೆದುಕೊಂಡು ಬಂದರು.

“ಈ ವರ್ಷ ರುಜು ಬೇಡ ಅಜ್ಜಿ. ಕಾನೂನು ಬದಲಾಗಿದೆ. ನಿಮಗೆ ತೆರಿಗೆಯೇ ಇಲ್ಲ.”

ಅವರ ಮುಖ ಸಪ್ಪಗಾಯಿತು. “ಅಯ್ ಸಿವನೇ. ಆ ಒಂದು ರುಜೂಗಂತ ನಾನ್ ಇಸ್ಕೂಲ್ಗೋದೆ. ಈಗ ಬ್ಯಾಡ್ವಾ?”

ಆಮೇಲೆ ತಾವೇ ಚೇತರಿಸಿಕೊಂಡು, ಮುದ್ದೆ, ಅವರೆಕಾಳು ಸಾರು ಬಡಿಸಿ, ಎದುರಿಗೆ ಕುಳಿತರು.

“ತೆರ್ಗೆ ಇಲ್ಲ ಅಂದ್ರೆ ಸರ್ಕಾರ್ದೋರು ಸುಮ್ಕೆ ಬುಟ್ಟುಟ್ರಾ?”

“ಇಲ್ಲ ಅಜ್ಜಿ, ಕಂಪನಿ ಕಟ್ಟುತ್ತೆ. ನಿಮಗೆಲ್ಲ ಹಂಚುವ ನೂರು ರೂಪಾಯಿಗೆ ಹತ್ತು.”

“ಆ ಅತ್ತು ಯಾರ್ ದುಡ್ಡು ಮಗ?”

ಮೂರು ತಿಂಗಳಿಂದ ಎರಡು ಊರು ಸುತ್ತಿದ್ದು ಈ ಪ್ರಶ್ನೆಗೇ. ಖರ್ಚು ಎನ್ನುವ ಆಚಾರ್ರ ವಾದ, ಗೆರೆಯ ಕೆಳಗೆ ಎನ್ನುವ ಆಡಿಟರ ವಾದ, ಎರಡನ್ನೂ ಬಿಡಿಸಿ ಹೇಳಿದೆ. ಅಜ್ಜಿ ಗಮನವಿಟ್ಟು ಕೇಳಿದರು.

“ನೋಡು ಮಗ,” ಎಂದರು. “ಬಿತ್ನೆ, ಗೊಬ್ರ, ಕೂಲಿ, ಇವೆಲ್ಲ ಖರ್ಚು. ಬೆಳೆ ಬತ್ತದೋ ಇಲ್ವೋ, ಅವುನ್ನ ಕೊಡ್ಲೇಬೇಕು. ಆಮೇಲೆ ಕಣದಲ್ಲಿ ರಾಸಿ ಅಳೀತೀವಿ. ಅಳುದ್ ಮೇಲೆ ಅಣ್ಣಂಗಿಷ್ಟು, ತಮ್ಮಂಗಿಷ್ಟು ಅಂತ ಅಂಚ್ತೀವಲ್ಲ, ಅದು ಪಾಲು. ಈಗ ಯೋಳು, ಈ ವರ್ಸ ನಂಗೇನೂ ಅಂಚ್ನಿಲ್ಲ ಅಂದ್ರೆ ಕಂಪ್ನಿ ಆ ಅತ್ತು ಕಟ್ತದಾ?”

“ಇಲ್ಲ. ಹಂಚಿದರೆ ಮಾತ್ರ.”

“ಅಂಗಾರೆ ಅದು ರಾಸಿ ಅಳುದ್ ಮೇಲಿನ ಮಾತು ಕಣವ್ವ. ಕಣಕ್ಕೆ ಸರ್ಕಾರನೂ ಒಂದು ಮೊರ ಇಡ್ಕಂಡು ಬಂದು ನಿಂತದೆ, ಅಷ್ಟೇಯ. ಖರ್ಚೆಲ್ಲಿ ಬಂತು?”

ಕಾಲೇಜಿನಲ್ಲಿ ಮೂರು ವರ್ಷ ಓದಿದ್ದು ಅಜ್ಜಿಯ ಜಗಲಿಯಲ್ಲಿ ಎರಡು ನಿಮಿಷದಲ್ಲಿ ತಲೆಗೆ ಹೋಯಿತು. ಇನ್ನೊಂದು ಅರ್ಧ ಮುದ್ದೆ ತಾನಾಗಿಯೇ ಇಳಿಯಿತು.

ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದು, ಆಚಾರ್ರ ಮುಂದೆ ಅಜ್ಜಿಯ ಮಾತನ್ನು ಅವರ ಧಾಟಿಯಲ್ಲೇ ಹೇಳಿದೆ. ಅವರು ಕೇಳುತ್ತಾ ಕೇಳುತ್ತಾ ನಗತೊಡಗಿದರು. ಆಚಾರ್ರ ಅಪ್ಪ ಸುಗ್ಗಿಯಲ್ಲಿ ರೈತರ ಕಣಗಳಿಗೆ ಹೋಗಿ, ವರ್ಷವಿಡೀ ನೇಗಿಲು ಹರಿತ ಮಾಡಿಕೊಟ್ಟದ್ದಕ್ಕೆ ಮೊರದಲ್ಲಿ ರಾಗಿ ತರುತ್ತಿದ್ದವರು. ಕಣದ ಲೆಕ್ಕವನ್ನು ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ.

“ಆಯ್ತು, ಗೆರೆ ಕೆಳೀಕೇ ಬರಿ. ಆದ್ರೆ ಸಬೇಲಿ ಯಾರಾರಾ ಕೂಗಾಡುದ್ರೆ ಆ ಅಜ್ಜೀನೇ ಉತ್ರ ಕೊಡ್ಲಿ. ಕಾರು ಕಳುಸ್ತೀನಿ ಅಂತ ಯೋಳು.”

ಸಭೆಯ ದಿನ ಅಜ್ಜಿ ಬಂದರು. ಕಾರು ಬೇಡವೆಂದು ಬಸ್ಸಿನಲ್ಲೇ, ಇಳಕಲ್ ಸೀರೆ ಉಟ್ಟು. ಕಂಪನಿಯ ಸಭೆಗೆ ಷೇರುದಾರರಾಗಿ ಹೆಂಗಸೊಬ್ಬರು ಬಂದದ್ದು ಅದೇ ಮೊದಲು. ಬಾಗಿಲಲ್ಲಿ ನಾನು ಹಾಜರಿ ಪುಸ್ತಕ ಹಿಡಿದಿದ್ದೆ. ಬಂದವರೆಲ್ಲ ರುಜು ಹಾಕಿಯೇ ಒಳಗೆ ಹೋಗಬೇಕೆಂದಾಗ ಅವರ ಕಣ್ಣು ಅರಳಿತು. ಹಿಂದೆ ಹತ್ತು ಗಂಡಸರು ಸಾಲು ನಿಂತಿದ್ದರೂ ನಿಧಾನವಾಗಿ, ಒಂದು ಕೊಂಬೂ ಬಿಡದೆ ಬರೆದರು.

ಆಚಾರ್ರು ಹೆದರಿದ ಹಾಗೇ ಆಯಿತು. ನಾಗಮಂಗಲದ ತೆಂಗಿನ ತೋಟದ ಯಜಮಾನರೊಬ್ಬರು ಎದ್ದು, “ಓದ್ ವರ್ಸಕ್ಕಿಂತ ಡಿವಿಡೆಂಡ್ ಕಮ್ಮಿ ಯಾಕ್ರೀ? ಇದೇನು ಪಕ್ಕದಲ್ಲಿ ಸರ್ಕಾರಕ್ಕೆ ಅಂತ ಬೇರೆ ಬರ್ದಿದ್ದೀರಿ?” ಎಂದು ದನಿ ಏರಿಸಿದರು. ಆಚಾರ್ರು ಆಡಿಟರ ಕಡೆ ನೋಡಿದರು. ಆಡಿಟರು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಅಜ್ಜಿ ಕುಳಿತಲ್ಲಿಂದಲೇ ಹೇಳಿದರು:

“ಕಮ್ಮಿ ಎಲ್ ಬಂತ್ ಯಜಮಾನ? ಅನ್ನೊಂದು ಅಚ್ಚು ಬೆಲ್ಲ ಇತ್ತು, ಒಂದ್ನ ಸರ್ಕಾರಕ್ಕಾಕವ್ರೆ, ಅತ್ತುನ್ನ ನಮಗಾಕವ್ರೆ. ಮುಂಚೆ ಪೂರಾ ಕೊಟ್ಟು, ಆಮೇಲೆ ಕಾಗ್ದ ತತ್ತಾ, ರುಜು ಆಕು ಅಂತ ಅಲುಸ್ತಿದ್ರು. ಈಗ ಬಂದಿದ್ದೆಲ್ಲ ನಿಂದೇಯ. ಯಾರೂ ಕೇಳಂಗಿಲ್ಲ. ಕುಂತ್ಕೊ.”

ಯಜಮಾನರು ಕುಳಿತರು. ಯಾರೋ ಚಪ್ಪಾಳೆ ತಟ್ಟಿದರು. ತಃಖ್ತೆ ಒಂದೇ ಒಂದು ಅಪಸ್ವರವಿಲ್ಲದೆ ಪಾಸಾಯಿತು. ಆಡಿಟರು ನನ್ನ ಕಿವಿಯ ಹತ್ತಿರ ಬಗ್ಗಿ, “ಇವರನ್ನ ನಮ್ಮ ಆಫೀಸಿಗೆ ಸೇರಿಸ್ಕೊಳ್ಳೋಣ್ವಾ?” ಎಂದರು. ಅವರು ತಮಾಷೆ ಮಾಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ.

ಊಟವಾದ ಮೇಲೆ ಅಜ್ಜಿ ಶೆಡ್ಡಿನೊಳಗೆಲ್ಲ ಸುತ್ತಾಡಿ, ಬಣ್ಣ ಒಣಗುತ್ತಿದ್ದ ಟ್ರೈಲರೊಂದನ್ನು ತಟ್ಟಿ ನೋಡಿ, “ಇದ್ರ ತಗ್ಡು ತೆಳ್ಳಗಾಯ್ತು ಆಚಾರ್ರೇ,” ಎಂದು ಹೇಳಿಯೇ ಹೊರಟರು. ಮರುವಾರದಿಂದ ದಪ್ಪ ತಗಡು ಬಂತು.

ಮುಂದಿನ ವರ್ಷದ ಸಭೆಗೆ ಷೇರುದಾರರ ಮನೆಗಳಿಂದ ಏಳು ಹೆಂಗಸರು ಬಂದರು. ಬಹುಪಾಲು ಅಜ್ಜಿಯ ನೆಂಟರೇ. ಕುರ್ಚಿ ಸಾಲದೆ ಶಾಮಿಯಾನದ ಅಂಗಡಿಯಿಂದ ಬಾಡಿಗೆಗೆ ತರಿಸಬೇಕಾಯಿತು. ಬೂಕನಕೆರೆಯಿಂದ ಬಂದಿದ್ದ ಒಬ್ಬಾಕೆ ಎದ್ದು, ಹೊಸಾ ಮಿಷನ್ನಿಗೆ ಸವಕಳಿ ಅಂತ ಬೆಲೆ ಯಾಕೆ ಇಳಿಸಿದ್ದೀರಿ, ಅದೇನು ಸೋಪಾ, ದಿನಾ ಸವೆಯೋಕೆ ಎಂದು ಕೇಳಿದರು. ಆಡಿಟರು ನೀರು ಕುಡಿದು, ಎದ್ದು ನಿಂತು, ಅರ್ಧ ಗಂಟೆ ವಿವರಿಸಿದರು. ಕಾಫಿ ತಣ್ಣಗಾದರೂ ಯಾರೂ ಏಳಲಿಲ್ಲ.