ಸನೋಬರಜ್ಜಿಯ ಚಿನ್ನದ ಹಲ್ಲು

ಉಜ್ಬೆಕಿಸ್ತಾನದ ಮರ್ಗಿಲಾನ್ ಊರಿನ ಸನೋಬರಜ್ಜಿಗೆ ಸೊಂಟದ ಕೀಲು ಸವೆದದ್ದಕ್ಕಿಂತ ದೊಡ್ಡ ದುಃಖ ಒಂದಿತ್ತು: ಅವಳ ತಂದೂರು ಒಲೆ ಸೊಸೆಯ ಪಾಲಾಗಿತ್ತು. ಮದುವೆಯಾದಂದಿನಿಂದ ಬಗ್ಗಿ ಬಗ್ಗಿ ಒಲೆಯೊಳಗೆ ರೊಟ್ಟಿ ಬಡಿದ ಹೆಂಗಸು, ಈಗ ಅಂಗಳದ ಮಂಚದ ಮೇಲೆ ಕೂತು ಬಾಯಿ ಬಡಿದುಕೊಳ್ಳುತ್ತಿದ್ದಳು.

“ನಿಗೋರಾ, ಇದೇನೇ, ರೊಟ್ಟಿನಾ? ಹಸಿ ಹಿಟ್ಟು! ನಿಮ್ಮವ್ವ ಒಲೆ ಉರಿಸೋದೂ ಕಲಿಸ್ಲಿಲ್ವಾ?”

“ನಾಳೆ ನೋಡ್ತೀನಿ ಅತ್ತೆ,” ಎನ್ನುತ್ತಿದ್ದಳು ಸೊಸೆ. ನಾಳೆಯೂ ಅದೇ ಮೆತ್ತನೆ ರೊಟ್ಟಿ. ಅಜ್ಜಿ ಅದನ್ನು ಚಹಾದಲ್ಲಿ ಅದ್ದಿ, ಬೈಯುತ್ತಲೇ ನುಂಗುತ್ತಿದ್ದಳು.

ಅಂತೂ ಸೊಂಟಕ್ಕೆ ಲೋಹದ ಕೀಲು ಕೂರಿಸುವ ದಿನ ಗೊತ್ತಾಯಿತು. ಅದಕ್ಕೆ ಮುಂಚೆ ಡಾಕ್ಟರ್ ಶುಹ್ರತ್ ಕೇಳಿದ್ದು ಒಂದೆರಡಲ್ಲ. ಮೈಮೇಲೆ ಗಾಯ ಇದೆಯಾ? ಉರಿಮೂತ್ರ? ಹಲ್ಲುನೋವು?

“ಸೊಂಟ ರಿಪೇರಿಗೆ ಬಂದೋಳ ಬಾಯಿ ಯಾಕಪ್ಪಾ ನಿಂಗೆ?” ಅಜ್ಜಿ ಬಾಯಗಲಿಸಿ ಚಿನ್ನದ ಹಲ್ಲಿನ ಸಾಲು ತೋರಿಸಿದಳು. “ನೋಡು, ನಮ್ಮೆಜಮಾನ್ರು ಹಾಕಿಸಿದ್ದು. ಚಿನ್ನ ಎಲ್ಲಾದ್ರೂ ಕೊಳೆಯುತ್ತಾ?”

“ಚಿನ್ನ ಕೊಳೆಯಲ್ಲಜ್ಜಿ, ಅದರ ಕೆಳಗಿನ ಹಲ್ಲು ಕೊಳೆಯುತ್ತೆ. ಆ ಕೀವಿನ ರೋಗಾಣು ರಕ್ತದಲ್ಲಿ ಹೋಗಿ ಹೊಸ ಕೀಲಲ್ಲಿ ಮನೆ ಮಾಡಿದ್ರೆ, ಕೀಲನ್ನೇ ಕಿತ್ತು ತೆಗೀಬೇಕಾದೀತು.”

“ನಂಗೆ ನೋವೇ ಇಲ್ಲ.” ಹಲ್ಲು ಕೀಳಿಸಿದರೆ ಆಪರೇಷನ್ ಮುಂದಕ್ಕೆ, ಅಲ್ಲಿಯವರೆಗೂ ಒಲೆ ಸೊಸೆಯ ಕೈಯಲ್ಲಿ. ಅದಕ್ಕೇ ಈ ಸುಳ್ಳು.

“ಇದೆ ಡಾಕ್ಟ್ರೇ,” ಎಂದಳು ಬಾಗಿಲ ಬಳಿ ನಿಂತಿದ್ದ ನಿಗೋರಾ. “ಎಡಗಡೆ ದವಡೆ. ಚಳಿಗಾಲದಿಂದ ಇದೆ.”

ಅಯ್ಯೋ, ಆಗ ಅಜ್ಜಿ ನೋಡಿದ ನೋಟ! “ಮನೆಮುರುಕಿ! ನನ್ನ ಒಲೆ ನುಂಗೋಕೆ ಸಾಕ್ಷಿ ಹೇಳ್ತೀಯಾ?”

ಹಲ್ಲಿನ ಡಾಕ್ಟರ ಹತ್ತಿರ ಚಿನ್ನ ಬಿಚ್ಚಿಸಿದರೆ ಒಳಗೆ ಬರೀ ಕೀವು. ಹೊರಗೆ ಥಳಕು, ಒಳಗೆ ಹುಳುಕು ಅಂತ ಹಿರಿಯರು ಸುಮ್ಮನೆ ಹೇಳಿದ್ದಾರೆಯೇ? ಹಲ್ಲೂ ಹೋಯಿತು, ಆಪರೇಷನ್ನೂ ಮುಂದಕ್ಕೆ ಹೋಯಿತು. ವಸಡು ಮಾಯುವ ತನಕ ಅಜ್ಜಿ ಸೊಸೆಯೊಡನೆ ಮಾತು ಬಿಟ್ಟಳು. ಆ ಮನೆ ಅಂಥ ನೆಮ್ಮದಿಯನ್ನು ಹಿಂದೆಂದೂ ಕಂಡಿರಲಿಲ್ಲ.

ವಸಡು ಮಾಯ್ದ ದಿನ ನಿಗೋರಾ ಕೆಂಪಗೆ ಬೆಂದ, ಅಂಚು ಗರಿಗರಿಯಾದ ರೊಟ್ಟಿ ತಂದಿಟ್ಟಳು. ಅಜ್ಜಿ ಕಚ್ಚಿದಳು. ಥೇಟ್ ತನ್ನದೇ ಕೈರುಚಿ!

“ಇದು ಬರ್ತಿತ್ತಾ ನಿಂಗೆ? ಮತ್ತೆ ಇಷ್ಟು ದಿನ ಆ ಹಸಿ ಹಿಟ್ಟು ಯಾಕೇ ಹಾಕ್ದೆ?”

“ಗಟ್ಟಿ ರೊಟ್ಟಿ ಮಾಡಿದ್ರೆ ನೀವು ಹಲ್ಲು ನೋವಿಗೆ ತಿನ್ನದೇ ಎದ್ದು ಹೋಗ್ತಿದ್ರಿ ಅತ್ತೆ.”

ಚಳಿಗಾಲವಿಡೀ ತಾನು ಬೈದದ್ದೆಲ್ಲ ಅಜ್ಜಿಗೆ ನೆನಪಾಯಿತು.

ಆಪರೇಷನ್ನಿನ ಹಿಂದಿನ ದಿನ ಡಾಕ್ಟರು ಕೊಟ್ಟ ಔಷಧದ ಸೋಪು ಹಚ್ಚಿ ನಿಗೋರಾ ಅತ್ತೆಗೆ ಸ್ನಾನ ಮಾಡಿಸುತ್ತಿದ್ದಳು.

“ಮೆಲ್ಲಗೆ ಕಣೇ, ಇದೇನು ಕಡಾಯಿನಾ?” ಎಂದು ಅಜ್ಜಿ ಗದರಿದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ ಹೇಳಿದಳು: “ಸೊಂಟ ನೆಟ್ಟಗಾದ್ಮೇಲೆ ಬೆಳಗಿನ ಒಲೆ ನಂದು. ಸಂಜೇದು ನೀನೇ ಇಟ್ಕೋ.”