ಪೆಟ್ಟಿಗೆಗೆ ಮಡಿಲು ತುಂಬಿದರು

ಹೆಣ್ಣೊಪ್ಪಿಸುವ ಹಾಡು ಕಟ್ಟುವುದು ನನ್ನ ಕಸುಬಾಗಿತ್ತು. ಕಸುಬು ಎಂದರೆ ಈಗಲೂ ಕೆಲವರು ಮೂಗು ಮುರಿಯುತ್ತಾರೆ, ಹಾಡಿಗೆಂಥ ಕೂಲಿ ಎನ್ನುತ್ತಾರೆ. ತಮ್ಮ ಮನೆಯ ಮದುವೆ ಬಂದಾಗ ಮಾತ್ರ ಅವರೇ ಯಲ್ಲದಕೆರೆಗೆ, ನಮ್ಮ ಬಾಗಿಲಿಗೆ ಗಾಡಿ ಕಳಿಸುತ್ತಿದ್ದರು. ನನ್ನ ಗಂಡನಿಗೆ ದಮ್ಮು. ನೇಗಿಲು ಹಿಡಿದರೆ ಎರಡು ಸಾಲಿಗೇ ಕೂತುಬಿಡುತ್ತಿದ್ದರು. ಮದುವೆಗಳಲ್ಲಿ ನನಗೆ ಬರುವ ಅಕ್ಕಿ ಬೆಲ್ಲದಿಂದಲೇ ಮನೆ ನಡೆಯಬೇಕಿತ್ತು.

ಅದು ಬರುವುದಕ್ಕೂ ಒಂದು ಪದ್ಧತಿಯಿತ್ತು. ಹಾಡಿನ ಕೊನೆಯ ನುಡಿಯಲ್ಲಿ ಕಟ್ಟಿದವರ ಅಂಕಿತ ಇರುತ್ತದೆ. ನನ್ನ ಹಾಡುಗಳಲ್ಲಿ ನಮ್ಮೂರ ಅಮ್ಮನ ಹೆಸರು, ಅದರ ಬೆನ್ನಿಗೇ ನನ್ನ ಹೆಸರು. ಅಂಕಿತ ಕೇಳಿದೊಡನೆ ಮನೆಯೊಡತಿ ಎದ್ದು ಕಟ್ಟಿದವಳ ಮಡಿಲು ತುಂಬಬೇಕು: ಅಕ್ಕಿ, ಕೊಬ್ಬರಿ, ಬೆಲ್ಲ, ಒಂದು ರವಿಕೆ ಕಣ. ನಾನಿಲ್ಲದ ಮದುವೆಯಲ್ಲಿ ನನ್ನ ಹಾಡು ಹಾಡಿದರೂ ಅದನ್ನು ತೆಗೆದಿಟ್ಟು ಯಾರ ಕೈಯಲ್ಲಾದರೂ ಕಳಿಸುತ್ತಿದ್ದರು. ಬಡವರೂ ತಪ್ಪಿಸುತ್ತಿರಲಿಲ್ಲ.

ಒಂದು ವರ್ಷ ನಾಟಕ ಕಂಪನಿಯೊಂದು ಹಿರಿಯೂರಿನಲ್ಲಿ ಬೀಡುಬಿಟ್ಟಿತ್ತು. ಅದರ ಗಾಯಕಿಯೊಬ್ಬಳು ಜವನಗೊಂಡನಹಳ್ಳಿಯ ಮದುವೆಗೆ ಬಂದು, ನನ್ನ ಹಾಡು ಕೇಳಿ ಕಣ್ಣೊರೆಸಿಕೊಂಡಳು. "ಇನ್ನೊಂದು ಸಲ ಹೇಳಿ ಅಕ್ಕ" ಎಂದು ಪಕ್ಕದಲ್ಲಿ ಕೂರಿಸಿಕೊಂಡು ಪೂರ್ತಿ ಹೇಳಿಸಿಕೊಂಡಳು. ಎಂಥ ಒಳ್ಳೆ ಹೆಣ್ಣು ಎಂದುಕೊಂಡೆ ನಾನು. ಒಳ್ಳೆ ಹೆಣ್ಣಂತೆ!

ಮುಂದಿನ ಮದುವೆ ಕಾಲಕ್ಕೆ ಹೊಸದುರ್ಗದ ವ್ಯಾಪಾರಿಯೊಬ್ಬರ ಮನೆಗೆ ಹೋದೆ. ಚಪ್ಪರದ ನಡುವೆ ಗ್ರಾಮಫೋನು ಪೆಟ್ಟಿಗೆ ಕೂತಿತ್ತು. ಚಿತ್ರದುರ್ಗದಿಂದ ಬಾಡಿಗೆಗೆ ತರಿಸಿದ್ದರು. ಅದರ ಜೊತೆ ಬಂದವನು ಕೀಲಿ ಕೊಟ್ಟು ಪ್ಲೇಟಿನ ಮೇಲೆ ಮುಳ್ಳು ಇಟ್ಟ. ಬಂದದ್ದು ನನ್ನ ಹಾಡು! ಮಾತು ನನ್ನದು, ಧಾಟಿ ನನ್ನದು, ಗಂಟಲು ಮಾತ್ರ ಅವಳದು. ಮೈಯೆಲ್ಲ ಉರಿದುಹೋಯಿತು. ಅಂಕಿತವಾದರೂ ಬರಲಿ ಎಂದು ಹಲ್ಲು ಕಚ್ಚಿ ಕೂತೆ. ಕೊನೆಯ ನುಡಿ ಬರಲೇ ಇಲ್ಲ. ಅದರ ಜಾಗದಲ್ಲಿ ಆಕೆ ತನ್ನ ಹೆಸರನ್ನು ಗಟ್ಟಿಯಾಗಿ ಹೇಳಿದಳು. ಪ್ಲೇಟಿಗೆ ಹಾಡಿದವರು ಕೊನೆಗೆ ಹಾಗೆ ಹೆಸರು ಹೇಳುವುದು ರೂಢಿಯಂತೆ. ನಮ್ಮ ಕಡೆಯವರಿಗೆ ಅದೇನು ಗೊತ್ತು? ಹಾಡಿನ ಕೊನೆಗೆ ಹೆಸರು ಬಂತೆಂದರೆ ಅಂಕಿತವೇ. ಮನೆಯೊಡತಿ ಮೊರದಲ್ಲಿ ಅಕ್ಕಿ, ಕೊಬ್ಬರಿ, ಬೆಲ್ಲ, ಕಣ ತಂದು, ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ ಅದರ ಮುಂದೆ ಇಟ್ಟರು. ಪೆಟ್ಟಿಗೆಗೆ ಮಡಿಲು ತುಂಬಿದರು!

"ಅವ್ವಾ, ಆ ಹಾಡು ಕಟ್ಟಿದೋಳು ನಾನು" ಎಂದೆ.

"ಅಂಕಿತ ಬ್ಯಾರೇರದು ಬಂತಲ್ಲವ್ವ" ಎಂದರು ಆಕೆ.

ಪೆಟ್ಟಿಗೆಯವನು ನಕ್ಕ. "ನಿಂದು ಅನ್ನಾಕೆ ಅಚ್ಚಾಗಿರೋ ಪುಸ್ತಕ ಐತೇನು?"

"ಕೊನೇ ನುಡಿನಾಗೆ ನನ್ನ ಹೆಸರೈತೆ. ಅದನ್ಯಾಕೆ ಕಿತ್ತಾಕಿದ್ರಿ?"

"ಪ್ಲೇಟು ಓಡಾದೇ ಅಷ್ಟು. ಜಾಗ ಸಾಲ್ಲಿಲ್ಲ."

"ಅವಳ ಹೆಸರಿಗೆ ಸಾಲ್ತಲ್ಲ!"

ಅವನು ಅಕ್ಕಿಯನ್ನು ಟವಲಿನಲ್ಲಿ ಗಂಟು ಕಟ್ಟಿಕೊಂಡ. ನಾನು ನಿಂತಲ್ಲೇ ಕೊನೆಯ ನುಡಿಯನ್ನು ಎತ್ತರದ ದನಿಯಲ್ಲಿ ಹಾಡಿದೆ. ಯಾರೋ ಗಂಡಸು, "ಪ್ಲೇಟಿನ ಹಾಡಿಗೆ ಬಾಲ ಹಚ್ತಾಳೆ ನೋಡ್ರಲೇ" ಎಂದ. ಚಪ್ಪರವೆಲ್ಲ ನಕ್ಕಿತು. ಆ ನಗು ನೆನೆದರೆ ಇವತ್ತಿಗೂ ನನಗೆ ಅನ್ನ ಸೇರುವುದಿಲ್ಲ.

ಪೆಟ್ಟಿಗೆ ಹೊಳಲ್ಕೆರೆಗೆ ಹೋಯಿತು, ಹಿರಿಯೂರಿಗೂ ಬಂತು. ನಮ್ಮ ಬಾಗಿಲಿಗೆ ಗಾಡಿ ಬರುವುದು ನಿಂತಿತು. ನಾನು ಕಂಡವರ ಹೊಲದಲ್ಲಿ ಕಳೆ ಕೀಳಲು ಹೋದೆ. ಅಲ್ಲಿಯೂ ಹೆಂಗಸರು ಹಾಡು ಹೇಳೆನ್ನುತ್ತಿದ್ದರು. ಬಾಯಿ ಬಿಡಲಿಲ್ಲ.

ಕೆಲವು ವರ್ಷಗಳ ಮೇಲೆ ನಮ್ಮೂರಿನಲ್ಲೇ ಒಂದು ಮದುವೆ. ಪೆಟ್ಟಿಗೆ ಇರಲಿಲ್ಲ, ಹುಡುಗಿಯರೇ ನನ್ನ ಹಾಡು ಹಾಡಿದರು. ಎಷ್ಟು ಚೆನ್ನಾಗಿ ಹಾಡಿದರೆಂದರೆ ಸಿಟ್ಟೆಲ್ಲ ಮರೆತು ಸೆರಗು ಸರಿಮಾಡಿಕೊಂಡೆ. ಕೊನೆಗೆ ಎಲ್ಲರೂ ಒಟ್ಟಿಗೆ, ರಾಗವಾಗಿ, ಆ ಗಾಯಕಿಯ ಹೆಸರು ಹೇಳಿ ಮುಗಿಸಿದರು. ಬೇರೆ ಊರಿಂದ ಬಂದಿದ್ದ ಆ ಮನೆಯ ಸೊಸೆ ಅಕ್ಕಿಯ ಮೊರ ಹಿಡಿದು ಎದ್ದಳು. ಸುತ್ತ ನೋಡಿ, ದೊಡ್ಡವಳೆಂದು ನನ್ನ ಹತ್ತಿರ ಬಂದು ಬಗ್ಗಿ ಕೇಳಿದಳು.

"ದೊಡ್ಡವ್ವಾ, ಈ ಹಾಡು ಕಟ್ಟಿದೋರು ಯಾವೂರೋರು? ಮಡಿಲಕ್ಕಿ ಎಲ್ಲಿಗೆ ಕಳಿಸಾಣ?"