ಲಲಿತಾ ಕೇಳಿ ಪಡೆದ ಡ್ರಾಯಿಂಗು

ಮರಳಿ ಎಂಬ ಹಳ್ಳಿಯ ಲಲಿತಾ ಟ್ರ್ಯಾಕ್ಟರ್ ನೋಡುತ್ತಲೇ ಬೆಳೆದವಳು. ಕೆಸರುಗದ್ದೆಯಲ್ಲಿ ಒಂದು ಗಾಲಿ ಸುಮ್ಮನೆ ತಿರುಗತೊಡಗಿದರೆ ಅಪ್ಪ ಹೊನ್ನೂರಪ್ಪ ಕಾಲಿನಿಂದ ಲಾಕ್ ಒತ್ತುತ್ತಿದ್ದ. ಎರಡೂ ಗಾಲಿ ಒಟ್ಟಿಗೆ ಎಳೆದು ಗಾಡಿ ಮೇಲೆ ಬರುತ್ತಿತ್ತು. ಗಂಗಾವತಿಯ ಅವಳ ಎಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟಲು ಹೊರಟಾಗ, ತಂಡದ ನಾಯಕ ಗಾಳೇಶ ಎಂಜಿನ್ ಬಲವನ್ನು ಎರಡೂ ಗಾಲಿಗೆ ಹಂಚುವ ಡಿಫರೆನ್ಷಿಯಲ್ ಕೆಲಸವನ್ನು ಅವಳಿಗೇ ವಹಿಸಿದ.

ಟ್ರ್ಯಾಕ್ಟರಿನ ಲಾಕ್ ರೇಸಿಗೆ ಆಗದು. ತಿರುವಿನಲ್ಲಿ ಗಾಲಿಗಳು ಬೇರೆ ಬೇರೆ ವೇಗದಲ್ಲಿ ಓಡಬೇಕು, ಒಂದು ಜಾರಿದರೆ ಬಲ ತಾನಾಗಿ ಇನ್ನೊಂದಕ್ಕೆ ಹೋಗಬೇಕು. ಅಂಥ ಡಿಫರೆನ್ಷಿಯಲ್ಲನ್ನು ವಿದ್ಯಾರ್ಥಿಗಳ ಕಾರಿಗೆಂದೇ ವಿದೇಶದಲ್ಲಿ ತಯಾರಿಸುತ್ತಾರೆ. ಆದರೆ ತರಿಸಿದ್ದರಲ್ಲಿ ಒಳಗಿನ ಗೇರುಗಳಷ್ಟೇ ಬಂದವು. ಎಣ್ಣೆ ಹಿಡಿದಿಡುವ ಹೊರಗಿನ ಡಬ್ಬಿಯನ್ನು ತಂಡವೇ ಮಾಡಿಕೊಳ್ಳಬೇಕಿತ್ತು. ಅದರ ಬಗ್ಗೆ ಲೈಬ್ರರಿಯಲ್ಲಿ ಒಂದು ಸಾಲೂ ಇರಲಿಲ್ಲ. ಮೇಷ್ಟ್ರು ಯೂಟ್ಯೂಬ್ ನೋಡು ಎಂದರು. ಗೇರು ಕಳಿಸಿದ ಕಂಪನಿ ಇ-ಮೇಲಿಗೆ ಉತ್ತರಿಸಲಿಲ್ಲ. ಬೇರೆ ಕಾಲೇಜಿನ ತಂಡಗಳಿಗೆಲ್ಲ ಫೋನ್ ಮಾಡಿದಳು. ಕೆಲವರು ನಕ್ಕರು, ಕೆಲವರು ಎತ್ತಲೇ ಇಲ್ಲ.

ಕೊನೆಗೆ ಮಾತಾಡಿದವನು ಮರಿಸ್ವಾಮಿ. ಕುಷ್ಟಗಿಯ ಹುಡುಗ, ದೂರದ ದೊಡ್ಡ ಕಾಲೇಜೊಂದರ ತಂಡದಲ್ಲಿದ್ದ.

"ನಮ್ಮ ಕಡೀ ಹುಡುಗಿ ಅಂದ್ರ ತಂಗಿ ಇದ್ದಂಗ. ನಮ್ಮ ಡ್ರಾಯಿಂಗ್ ಕಳಿಸ್ತೀನಿ, ಹಂಗ ಮಾಡಿಸ್ಕೊಳ್ರಿ," ಎಂದ. ಅದು ಅಂದೇ ಬಂತು. ಲಲಿತಾ ಅದರಂತೆಯೇ ಕೊಪ್ಪಳದ ಲೇತ್ ಅಂಗಡಿಯಲ್ಲಿ ಮಾಡಿಸಿದಳು.

ಸ್ಪರ್ಧೆಯಲ್ಲಿ ಓಡಿಸುವ ಮೊದಲು ತಪಾಸಣೆಗೆಂದು ಕಾರನ್ನು ಹಲಗೆಯ ಮೇಲೆ ಕಟ್ಟಿ ವಾಲಿಸುತ್ತಾರೆ. ಹನಿ ಎಣ್ಣೆ ಸೋರಿದರೂ ಟ್ರ್ಯಾಕಿಗೆ ಬಿಡುವುದಿಲ್ಲ.

"ಒಮ್ಮೆ ಇಲ್ಲೇ ವಾಲಿಸಿ ನೋಡೂಣು," ಎಂದಳು ಲಲಿತಾ, ಕಾರು ಕಟ್ಟಿ ಮುಗಿದ ದಿನ.

"ನಾಳೆ ಫೋಟೋ ಐತಿ, ಸ್ಟಿಕರ್ ಹಚ್ಚೂದೈತಿ," ಎಂದ ಗಾಳೇಶ. "ಅಷ್ಟು ದೊಡ್ಡ ಕಾಲೇಜಿನ ಡ್ರಾಯಿಂಗ್ ಐತಿ, ಮತ್ತೇನ ನೋಡ್ತೀ?"

ಸ್ಪರ್ಧೆಯ ದಿನ ಕಾರನ್ನು ವಾಲಿಸಿದಾಗ ಡಬ್ಬಿಯ ಜೋಡಣೆಯಿಂದ ಎಣ್ಣೆ ಇಳಿಯಿತು. ಒರೆಸಿ, ಅಂಟು ಬಳಿದು, ಬೋಲ್ಟ್ ಬಿಗಿದರು. ಮತ್ತೆ ಇಳಿಯಿತು. ಕಾರು ಟ್ರ್ಯಾಕ್ ಮುಟ್ಟಲೇ ಇಲ್ಲ.

ಲಲಿತಾ ಮರಿಸ್ವಾಮಿಯನ್ನು ಹುಡುಕಿಕೊಂಡು ಹೋದಳು. ಅವನ ಕಾರಿನ ಡಬ್ಬಿ ಬೇರೆಯೇ ಆಗಿತ್ತು. ಜೋಡಣೆಯಲ್ಲಿ ಸಣ್ಣ ತೋಡು ಕೊರೆದು, ಎಣ್ಣೆ ಸೋರದಂತೆ ರಬ್ಬರ್ ಉಂಗುರ ಕೂರಿಸಿದ್ದರು.

"ಅಣ್ಣಾ, ನೀವು ಕಳಿಸಿದ್ದು ಹಿಂಗ ಇರಲಿಲ್ಲಲ್ಲ?"

"ಅದು ಹ್ವಾದ ವರ್ಷದ್ದು. ನಮ್ದೂ ಸೋರಿತ್ತು."

"ಸೋರ್ತೈತಿ ಅಂತ ಗೊತ್ತಿದ್ದೂ ಕಳಿಸಿದ್ರಾ?"

"ಡ್ರಾಯಿಂಗ್ ಕೇಳಿದಿ, ಕೊಟ್ಟೆ. ಇದು ಸ್ಪರ್ಧೆ, ತಂಗಿ." ಅವನು ಹೆಲ್ಮೆಟ್ ಎತ್ತಿಕೊಂಡು ಹೋದ.

ಊರಿಗೆ ಬರುವ ಟೆಂಪೋದಲ್ಲಿ ಯಾರೂ ಅವಳ ಪಕ್ಕ ಕೂರಲಿಲ್ಲ. ಪ್ರಿನ್ಸಿಪಾಲರ ಮುಂದೆ ಗಾಳೇಶ, "ಲಲಿತಾ ಯಾರ್‍ದೋ ಮಾತು ನಂಬಿ ಕೆಡಿಸಿದ್ಲು ಸರ್," ಎಂದ. ಫೋಟೋಕ್ಕಾಗಿ ವಾಲಿಸಿ ನೋಡದೆ ಬಿಟ್ಟ ಮಾತು ಎತ್ತಲಿಲ್ಲ. ಅವಳೂ ಎತ್ತಲಿಲ್ಲ.

ಮುಂದಿನ ವರ್ಷ ಅವಳೇ ಡ್ರಾಯಿಂಗ್ ತಿದ್ದಿ, ಹೊಸ ಡಬ್ಬಿ ಮಾಡಿಸಿ, ಎಣ್ಣೆ ತುಂಬಿ ಬೋರಲು ಹಾಕಿ ನೋಡಿದಳು. ಹನಿಯೂ ಸೋರಲಿಲ್ಲ. ತಂಡದ ಕೋಣೆಗೆ ಒಯ್ದಾಗ, ಆ ವರ್ಷದ ತಂಡದಲ್ಲಿ ಅವಳ ಹೆಸರಿಲ್ಲ ಎಂದರು. ಡಬ್ಬಿಯನ್ನು ಮಾತ್ರ ಇಟ್ಟುಕೊಂಡರು.

ಈಗ ಅವಳು ಕಾರಟಗಿಯ ರೈಸ್ ಮಿಲ್ಲಿನಲ್ಲಿ ಲಾರಿಗಳ ಬಿಲ್ಲು ಮಾಡುತ್ತಾಳೆ. ಅವಳ ಡಬ್ಬಿ ಹಾಕಿದ ಕಾರು ಟ್ರ್ಯಾಕಿನಲ್ಲಿ ಓಡಿತು ಎಂದು ಹಳೆಯ ಗೆಳತಿ ಮಹೇಶ್ವರಿ ಫೋನಿನಲ್ಲಿ ತಿಳಿಸಿದಳು.

"ನಿನಗ ಖುಷಿ ಆಗ್ಲಿಲ್ಲೇನ?"

"ಲಾರಿ ಬಂದೈತಿ, ಇಡ್ತೀನಿ," ಎಂದಳು ಲಲಿತಾ. ಲಾರಿ ಯಾವುದೂ ಬಂದಿರಲಿಲ್ಲ.